ಮುಚ್ಚಿದ ತೋಳಿನ ಮೂವತ್ತಾರು ಅಂಗಿ

ಬೆಳಗಿನ ಆರೂವರೆ. ಆಸ್ಪತ್ರೆಯ ಹಿಂದುಗಡೆ, ಬಟ್ಟೆ ಒಗೆಯುವ ಹಾಲ್ ದಾಟಿ ಏಳು ಮೆಟ್ಟಿಲು ಇಳಿದರೆ ಒಂದು ಕೋಣೆ. ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ. ಇರುವುದು ಒಂದೇ ಕಿಟಕಿ, ಅದೂ ಸೂರಿಗೆ ಅಂಟಿಕೊಂಡು. ಅದರಲ್ಲಿ ಆಕಾಶಕ್ಕಿಂತ ಚಪ್ಪಲಿಗಳೇ ಹೆಚ್ಚು ಕಾಣುತ್ತವೆ. ಆದರೆ ಕಿಟಕಿ ಪೂರ್ವಕ್ಕಿದೆ. ಚಪ್ಪಲಿಗಳ ಓಡಾಟ ಶುರುವಾಗುವ ಮುಂಚೆ, ದಿನಕ್ಕೆ ಒಂದು ಗಂಟೆ, ಬೆಳಕು ನೇರವಾಗಿ ಒಳಗೆ ಬಂದು ಕೂರುತ್ತದೆ. ಆ ಒಂದು ಗಂಟೆಯನ್ನು ಹಿಡಿಯಲು ಈ ಹೆಂಗಸು ನಾಲ್ಕೂವರೆಗೆ ಏಳುತ್ತಾರೆ.

ಸ್ಟೂಲಿನ ಮೇಲೆ ನಿಂತು, ಎರಡೂ ಕೈ ಎತ್ತಿ, ಒಗೆದು ಒಣಗಿದ ಬೆಡ್‌ಶೀಟೊಂದನ್ನು ಕಿಟಕಿಗೆ ಹಿಡಿದಿದ್ದಾರೆ. ಸಿನಿಮಾ ಆಗಿದ್ದರೆ ಇಲ್ಲಿ ಕೊಳಲು ಬರಬೇಕಿತ್ತು. ಇಲ್ಲಿ ಬಾಯ್ಲರ್ ಉಸ್ಸೆನ್ನುತ್ತಿದೆ, ಅಷ್ಟೆ. ಮೇಜಿನ ಮೇಲೆ ಹರಡಿದಾಗ ಈ ಶೀಟಿನಲ್ಲಿ ಯಾವ ಐಬೂ ಕಾಣುವುದಿಲ್ಲ. ಬೆಳಕಿಗೆ ಹಿಡಿದಾಗ ಎಲ್ಲ ಹೊರಬೀಳುತ್ತದೆ: ಎಲ್ಲಿ ನೂಲು ಸವೆದಿದೆ, ಎಲ್ಲಿ ಯಾರದೋ ಹಿಮ್ಮಡಿ ಉಜ್ಜಿ ಉಜ್ಜಿ ತೆಳುವಾಗಿದೆ, ಎಲ್ಲಿ ಸಾಸಿವೆಯಷ್ಟು ತೂತು. ತೂತುಗಳಿಂದ ಬೆಳಕು ಸಣ್ಣಸಣ್ಣ ಚುಕ್ಕಿಗಳಾಗಿ ಅವರ ಮುಖದ ಮೇಲೆ ಬೀಳುತ್ತದೆ. ಒಂದೊಂದರ ಸುತ್ತಲೂ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಶೀಟನ್ನು ಬುಟ್ಟಿಗೆ ಹಾಕಿ, ಇನ್ನೊಂದು ಎತ್ತುತ್ತಾರೆ.

"ಬಂದ್ಲಪ್ಪಾ ಹೀರೋಯಿನ್ನು! ಲೈಟಿಂಗ್ ಸಾಕಾ ತಾಯೀ, ಸೂರ್ಯಂಗೆ ಇನ್ನೊಂಚೂರು ಬಗ್ಗೋಕೆ ಹೇಳ್ಲಾ?" ಬಾಗಿಲಲ್ಲಿ ಎರಡು ಲೋಟ ಟೀ ಹಿಡಿದು ನಿಂತವರು ಬಾಯ್ಲರ್ ಮಾವ. ಇಪ್ಪತ್ತಾರು ವರ್ಷದಿಂದ ಈ ಆಸ್ಪತ್ರೆಯ ಬಟ್ಟೆ ಕುದಿಸುತ್ತಿರುವವರು.

"ಮೊದ್ಲು ನಿಮ್ಮ ಟೀಗೆ ಸಕ್ಕರೆ ಹಾಕೋಕೆ ಹೇಳಿ ಮಾವ. ನಿನ್ನೆ ಹಾಕೋದೇ ಮರೆತಿದ್ರಿ."

"ಮರೆತಿಲ್ಲ, ಕಟ್ ಮಾಡಿದೀನಿ. ಡೈರೆಕ್ಟರ್ಸ್ ಕಟ್."

ಈ ಹೆಂಗಸಿಗೆ ಸ್ವಂತ ಹೆಸರೊಂದು ಇದ್ದೇ ಇದೆ, ಹಾಜರಿ ಪುಸ್ತಕದಲ್ಲಿ. ಉಳಿದಂತೆ ನಾಲ್ಕು ಮಹಡಿಯ ಈ ಆಸ್ಪತ್ರೆಯಲ್ಲಿ ಅವರು ತೇಪೆಯಕ್ಕ. ವಯಸ್ಸು ಮೂವತ್ತೊಂದು. ಒಂಬತ್ತು ವರ್ಷದಿಂದ ಇದೇ ಕೋಣೆ, ಇದೇ ಹೊಲಿಗೆ ಯಂತ್ರ. ದಿನಕ್ಕೆ ನೂರಿಪ್ಪತ್ತು ಶೀಟು ಬೆಳಕಿಗೆ ಹಿಡಿಯುತ್ತಾರೆ. ಅದರಲ್ಲಿ ನಲವತ್ತಕ್ಕಾದರೂ ತೇಪೆ ಬೀಳುತ್ತದೆ. ಜೊತೆಗೆ ದಿಂಬಿನ ಚೀಲ, ರೋಗಿಗಳ ಗೌನು, ಡಾಕ್ಟರುಗಳ ಕಳಚಿದ ಗುಂಡಿ. ಒಂದು ಶೀಟಿಗೆ ಮೂರು ತೇಪೆಯಾದರೆ ಅದಕ್ಕೆ ನಿವೃತ್ತಿ, ಆಮೇಲೆ ಅದು ನೆಲ ಒರೆಸುವ ಬಟ್ಟೆ. ಆ ಮೂರನೆಯ ತೇಪೆಯನ್ನು ಆದಷ್ಟು ಮುಂದೂಡುವುದೇ ಅವರ ಕಸುಬು. ನೀವು ಯಾವುದಾದರೂ ಆಸ್ಪತ್ರೆಯಲ್ಲಿ ಮಲಗಿದ್ದು, ಬೆನ್ನಿಗೆ ಏನೂ ಒತ್ತದೆ ನಿದ್ದೆ ಬಂದಿದ್ದರೆ, ಇಂಥ ಒಬ್ಬರು ನೆಲಮಾಳಿಗೆಯಲ್ಲಿ ಕೂತು ಹೊಲಿದಿದ್ದಾರೆ ಅಂತ ಅರ್ಥ. ಡಿಸ್ಚಾರ್ಜ್ ಆಗುವಾಗ ಡಾಕ್ಟರಿಗೆ ಕೈಮುಗಿಯುತ್ತೇವೆ, ನರ್ಸಿಗೆ ಥ್ಯಾಂಕ್ಸ್ ಹೇಳುತ್ತೇವೆ. ಬೆಡ್‌ಶೀಟಿಗೆ ಯಾರು ಹೇಳುತ್ತಾರೆ?

ಇದರ ಜೊತೆಗೆ ವಾರಕ್ಕೊಮ್ಮೆ ಇನ್ನೊಂದು ಕೆಲಸವಿದೆ. ಮೇಲೆ ಎರಡನೇ ಮಹಡಿಯಲ್ಲಿ ಹುಟ್ಟುವ ಮಕ್ಕಳಿಗೆ ಅಂಗಿ, ಕುಲಾವಿ ಹೊಲಿಯುವುದು. ಅಂಗೈಯಗಲದ ಅಂಗಿಗಳು, ಮುಷ್ಟಿಯಷ್ಟು ಕುಲಾವಿಗಳು. ಆತುರಗಾರರನ್ನು ಗೇಲಿ ಮಾಡಲು ನಮ್ಮಲ್ಲಿ ಒಂದು ಗಾದೆಯಿದೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ. ತೇಪೆಯಕ್ಕನಿಗೆ ಸಂಬಳ ಬರುವುದೇ ಆ ಆತುರಕ್ಕೆ.

"ಊರ ಮಕ್ಕಳಿಗೆಲ್ಲಾ ಮುಂಚೇನೇ ಹೊಲಿದಿಟ್ಟೆ. ನಮ್ಮನೇದಕ್ಕೆ ಮಾತ್ರ ಒಂದು ದಾರಾನೂ ಪೋಣಿಸ್ಲಿಲ್ಲ," ಎನ್ನುತ್ತಾರೆ. "ಎರಡು ಸಲ ಬಸಿರು ನಿಂತೂ ಇಳಿದು ಹೋಗಿತ್ತು. ಮೂರನೇ ಸಲ ಕೈ ಬರ್ಲಿಲ್ಲ. ಹೊಲಿದ್ರೆ ಎಲ್ಲಿ ಏನಾಗತ್ತೋ ಅಂತ. ಅತ್ತೇನೂ ಬೇಡ ಅಂದ್ರು. ಕೊನೆಗೆ ನನ್ನ ಮಗಳು ಹಾಕ್ಕೊಂಡಿದ್ದು ಆಸ್ಪತ್ರೆ ಅಂಗೀನೇ. ಕತ್ತಿನ ಹತ್ರ ತೇಪೆ ಇತ್ತು. ನೋಡಿದ ತಕ್ಷಣ ಗೊತ್ತಾಯ್ತು, ನಾನೇ ಹಾಕಿದ್ದು."

ಮಗಳಿಗೆ ಈಗ ಹನ್ನೊಂದು ತಿಂಗಳು. ಮನೆಯಲ್ಲಿ ಕರೆಯುವುದು ಬಟನ್ ಅಂತ. ಹುಟ್ಟಿದಾಗ ಅಷ್ಟೇ ಇದ್ದಳಂತೆ.

ಬಾಣಂತನ ಮುಗಿಸಿ ತೇಪೆಯಕ್ಕ ಕೆಲಸಕ್ಕೆ ಮರಳಿದಾಗ ಬಟನ್‌ಗೆ ನಾಲ್ಕು ತಿಂಗಳು. ಆ ದಿನಗಳ ಬಗ್ಗೆ ಕೇಳಿದರೆ ಅವರು ಸ್ವಲ್ಪ ಹೊತ್ತು ಸೂಜಿಗೆ ದಾರ ಪೋಣಿಸುತ್ತಾರೆ. ಸೂಜಿಯಲ್ಲಿ ಆಗಲೇ ದಾರ ಇತ್ತು.

"ಎಲ್ಲಾ ಮಾಡ್ತಿದ್ದೆ. ಹಾಲು ಕುಡಿಸ್ತಿದ್ದೆ, ಸ್ನಾನ ಮಾಡಿಸ್ತಿದ್ದೆ, ತೊಟ್ಟಿಲು ತೂಗ್ತಿದ್ದೆ. ಆದ್ರೆ ನಾನು ಅಲ್ಲಿ ಇರ್ಲಿಲ್ಲ. ಬಂದೋರೆಲ್ಲಾ, ಎಷ್ಟು ಮುದ್ದಾಗಿದೆ, ಎಷ್ಟು ಮುದ್ದಾಗಿದೆ ಅಂತಿದ್ರು. ನಾನು ಹೂಂ ಅಂತಿದ್ದೆ. ನಂಗೆ ಕಾಣ್ತಾ ಇರ್ಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಂಗೆ ಗಿಣಿ ಅಂಥ ಮಗು ಇತ್ತು, ಮುದ್ದು ಅನ್ನಿಸ್ತಿರ್ಲಿಲ್ಲ. ಇದನ್ನ ಯಾರ ಹತ್ರ ಹೇಳ್ಕೊಳ್ಲಿ?"

ಹೇಳಿಕೊಳ್ಳಲಿಲ್ಲ. ಆದರೂ ಒಬ್ಬರಿಗೆ ಗೊತ್ತಿತ್ತು. ಅವರ ಅತ್ತೆಗೆ ಅರವತ್ತೆಂಟು. ನಾಲಿಗೆ ಕತ್ತರಿಯ ಹಾಗೆ, ಕೈ ಹತ್ತಿಯ ಹಾಗೆ. ದಿನಾ ಬೆಳಿಗ್ಗೆ ಹತ್ತಕ್ಕೆ ಮಗುವನ್ನು ಎತ್ತಿಕೊಂಡು, ಬಿಸಿಲಿಗೆ ಕೊಡೆ ಹಿಡಿದು, ಹಿಂದಿನ ಗೇಟಿನಿಂದ ಈ ಕೋಣೆಗೆ ಬರುತ್ತಾರೆ. ಹಾಲು ಕುಡಿಸುವ ಹೊತ್ತು ಅದು.

"ಮೂರು ಹೆತ್ತಿದೀನಿ, ಒಂದು ದಿನಾನೂ ಅತ್ತಿಲ್ಲ ಅಂತ ಇವಳಿಗೆ ಡೈಲಾಗ್ ಹೊಡೀತಿದ್ದೆ," ಎನ್ನುತ್ತಾರೆ ಅತ್ತೆ. "ಸುಳ್ಳು. ಎರಡನೇದು ಹುಟ್ಟಿದಾಗ ನೀರೊಲೆ ಮುಂದೆ ಕೂತು ಅಳ್ತಿದ್ದೆ. ಯಾರಾದ್ರೂ ಕೇಳಿದ್ರೆ ಹೊಗೆ ಅಂತಿದ್ದೆ. ಇವಳಿಗೆ ಪಾಪ ಒಲೆ ಇಲ್ಲ, ಗ್ಯಾಸು. ಹೊಗೆ ಅನ್ನೋಕೂ ಆಗಲ್ಲ."

"ಮೊದ್ಲೇ ಹೇಳಿದ್ರೆ ಏನಾಗ್ತಿತ್ತು ಅತ್ತೆ?"

"ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕಿತ್ತೇ? ಅತ್ತೆ ಅಂದ್ಮೇಲೆ ಸ್ವಲ್ಪ ಬಿಲ್ಡಪ್ ಬೇಡ್ವಾ?"

ಇಬ್ಬರೂ ನಗುತ್ತಾರೆ. ಮೂರನೆಯವಳಿಗೆ ಅರ್ಥವಾಗಿಲ್ಲ, ಆದರೂ ನಗುತ್ತಾಳೆ.

ಕೆಲಸಕ್ಕೆ ಮರಳಿದ ಮೂರನೇ ವಾರ ಆ ತಪ್ಪು ನಡೆಯಿತು. ಹಿಂದಿನ ಸಂಜೆ ಬಟನ್ ತನ್ನ ಉಗುರಿನಿಂದ ತನ್ನದೇ ಕೆನ್ನೆ ಪರಚಿಕೊಂಡಿದ್ದಳು. ಅವಳಪ್ಪ ಸ್ಕೂಲ್ ವ್ಯಾನ್ ಓಡಿಸುವ ಮನುಷ್ಯ. ನಲವತ್ತು ಮಕ್ಕಳ ಗಲಾಟೆಗೆ ಹೆದರದ ಅವರು ಅಷ್ಟು ಚಿಕ್ಕ ಉಗುರು ಕತ್ತರಿಸಲು ಹೆದರಿದರು. ಕೊನೆಗೆ ತೇಪೆಯಕ್ಕ ಮಗಳ ಅಂಗಿಯ ತೋಳಿನ ತುದಿಗಳನ್ನೇ ಹೊಲಿದು ಮುಚ್ಚಿದರು. ಕೈ ಒಳಗೇ ಉಳಿಯಿತು, ಕೆನ್ನೆ ಉಳಿಯಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೊಸಮಕ್ಕಳ ಅರ್ಧ ಹೊಲಿದಿಟ್ಟಿದ್ದ ಮೂರು ಡಜನ್ ಅಂಗಿಗಳನ್ನು ಹೊಲಿದು ಮುಗಿಸಿ, ಕಟ್ಟು ಕಟ್ಟಿ ಮೇಲಕ್ಕೆ ಕಳಿಸಿದರು.

ಅದರ ಮಾರನೆಯ ದಿನ ಎರಡನೇ ಮಹಡಿಯಿಂದ ದೊಡ್ಡ ಸಿಸ್ಟರ್ ತಾವೇ ಇಳಿದು ಬಂದರು. ಹೊಸಮಕ್ಕಳ ವಾರ್ಡಿನ ಮುಖ್ಯ ನರ್ಸ್ ಅವರು. ಅವರು ಮೆಟ್ಟಿಲಿಳಿಯುವ ಸದ್ದಿಗೇ ಕೆಳಗಿನವರು ಎದ್ದು ನಿಲ್ಲುತ್ತಾರೆ.

"ಏನಮ್ಮಾ ಇದು?"

"ಅಂಗಿ, ಸಿಸ್ಟರ್."

"ಅಂಗಿ ಅಂತ ನಂಗೂ ಗೊತ್ತು. ಕೈ ಎಲ್ಲಿಂದ ಬರ್ಬೇಕು? ನಮ್ಮ ಹೊಸ ನರ್ಸ್ ಹುಡುಗಿ ಹತ್ತು ನಿಮಿಷದಿಂದ ಹುಡುಕ್ತಿದಾಳೆ. ಮಗುಗೆ ಕೈನೇ ಇಲ್ಲ ಅಂತ ಅಳೋಕೆ ಶುರು ಮಾಡಿದಾಳೆ!"

ತೋಳುಗಳನ್ನು ನೋಡಿದರೆ ಎರಡೂ ಮುಚ್ಚಿದ್ದವು. ಮೂವತ್ತಾರು ಅಂಗಿ, ಎಪ್ಪತ್ತೆರಡು ತೋಳು, ಒಂದೂ ತೆರೆದಿರಲಿಲ್ಲ. "ಹೊಲಿದಿದ್ದು ನಾನೇ. ಹೊಲಿಗೆ ನಂದೇ. ಹೊಲಿದಿದ್ದು ಮಾತ್ರ ನೆನಪಿಲ್ಲ," ಎನ್ನುತ್ತಾರೆ ತೇಪೆಯಕ್ಕ. ಮನೆಯಲ್ಲಿ ಅದು ಉಪಾಯ. ವಾರ್ಡಿನಲ್ಲಿ ಅದು ಅಪಾಯ. ಅಲ್ಲಿ ಮಗುವಿನ ಗುರುತಿನ ಕೈಪಟ್ಟಿ ಕಾಣಬೇಕು, ಬೆರಳಿನ ಬಣ್ಣ ಕಾಣಬೇಕು, ಬೇಕಾದಾಗ ಸೂಜಿ ಹಾಕಲು ಮುಂಗೈ ಸಿಗಬೇಕು.

ವಿಷಯ ಸ್ಟೋರ್ ಸಾರ್ ತನಕ ಹೋಯಿತು. ಆಸ್ಪತ್ರೆಯ ಅಷ್ಟೂ ಬಟ್ಟೆಗೆ ಜವಾಬ್ದಾರರು ಅವರು. ಜೇಬಿನಲ್ಲಿ ಸದಾ ಎರಡು ಪೆನ್ನು, ಬಾಯಲ್ಲಿ ಸದಾ ಕಡಿಮೆ ಮಾತು. ಸಿಟ್ಟು ಬಂದರೆ ಬೇರೆಯವರ ದನಿ ಏರುತ್ತದೆ, ಇವರದು ಇಳಿಯುತ್ತದೆ. ಅವತ್ತು ಕೇಳಿಸದಷ್ಟು ಇಳಿದಿತ್ತಂತೆ. "ಮಕ್ಕಳ ವಾರ್ಡಿನ ವಿಷ್ಯ ಇದು. ಇನ್ನೊಂದು ಸಲ ಹೆಚ್ಚುಕಮ್ಮಿ ಆದ್ರೆ ಯಂತ್ರ ಬೇರೆಯವರಿಗೆ. ನಿಮ್ಮನ್ನ ಮಡಚೋ ಹಾಲ್‌ಗೆ ಹಾಕ್ಬೇಕಾಗತ್ತೆ."

ಮಡಚುವ ಹಾಲ್ ಅಂದರೆ ಇಸ್ತ್ರಿ ಯಂತ್ರಗಳ ಹಬೆ ತುಂಬಿದ ಜಾಗ. ಒಳಗೆ ಮಗುವನ್ನು ತರುವ ಹಾಗಿಲ್ಲ, ನಡುವೆ ಎದ್ದು ಹೋಗುವ ಹಾಗೂ ಇಲ್ಲ. ಯಂತ್ರ ಹೋದರೆ ಹತ್ತು ಗಂಟೆಯ ಹಾಲೂ ಹೋಗುತ್ತದೆ. ಒಂಬತ್ತು ವರ್ಷ ಕೂತ ಜಾಗ, ಬೆಳಗಿನ ಬೆಳಕು, ಮಗಳು ಮೂರೂ ಒಂದೇ ದಾರದಲ್ಲಿ ನೇತಾಡುತ್ತಿದ್ದವು.

ಎಪ್ಪತ್ತೆರಡು ತೋಳು ಬಿಚ್ಚಲು ನಾಲ್ಕು ದಿನ ಹಿಡಿಯಿತು. ಬಿಚ್ಚಿದ ಮೇಲೆ ಇನ್ನೊಂದು ತೊಂದರೆ ಕಂಡಿತು. ಆ ಅಂಗಿಗಳನ್ನು ಹೊಲಿದಿದ್ದು ಹಳೆಯ ಶೀಟುಗಳ ಮೆತ್ತನೆಯ ಭಾಗದಿಂದ. ಎಳೆ ಮೈಗೆ ಅದೇ ಒಳ್ಳೆಯದು. ಆದರೆ ಹಳೆಯ ಬಟ್ಟೆಗೆ ನೆನಪು ಜಾಸ್ತಿ.

"ಹೊಲಿಗೆ ಬಿಚ್ಬೋದು, ಸೂಜಿ ತೂತು ಬಿಚ್ಚೋಕಾಗಲ್ಲ," ಎನ್ನುತ್ತಾರೆ ತೇಪೆಯಕ್ಕ. "ಪ್ರತಿ ತೋಳಿನ ತುದೀಲೂ ತೂತಿನ ಸಾಲು. ಹಾಗೇ ಬಿಟ್ರೆ ಎರಡು ಸಲ ಕುದಿಸೋದ್ರಲ್ಲಿ ಹರಿದು ಹೋಗತ್ತೆ. ಮೇಲೆ ಇನ್ನೊಂದು ಹೊಲಿಗೆ ಓಡಿಸ್ಲೇಬೇಕು. ನೆಟ್ಟಗೆ ಓಡಿಸೋಣ ಅಂದ್ರೆ ತೂತು ನೆಟ್ಟಗಿಲ್ಲ. ನಿದ್ದೆಗಣ್ಣಲ್ಲಿ ಹೊಲಿದಿದ್ದಲ್ವಾ, ಅಂಕುಡೊಂಕು. ಸರಿ, ನೀನೆಲ್ಲಿ ಹೋಗಿದೀಯೋ ನಾನೂ ಅಲ್ಲೇ ಬರ್ತೀನಿ ಅಂತ ಕೈಸೂಜಿ ತಗೊಂಡೆ."

ಐದನೆಯದೋ ಆರನೆಯದೋ ಅಂಗಿಯಲ್ಲಿ, ಡೊಂಕು ಸಾಲಿನ ಹಿಂದೆ ಹೋಗುತ್ತಾ ಹೋಗುತ್ತಾ, ಅದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅಡುಗೆಮನೆಯ ಗೋಡೆ! ಹಾಲು ಕುಡಿಸುವಾಗ ಎದುರಿಗೆ ಕಾಣುವ ಗೋಡೆಯಲ್ಲಿ, ಸ್ವಿಚ್ಚಿನ ಕೆಳಗಿಂದ ಕಿಟಕಿಯವರೆಗೆ ದಿನಾ ಹೋಗುವ ಇರುವೆ ಸಾಲು. ಡಬ್ಬಿಯಲ್ಲಿ ಕಂದು ಬಣ್ಣದ ದಾರದ ತುಂಡೊಂದು ಬಿದ್ದಿತ್ತು. ತೋಳಿನ ಸುತ್ತ ಇರುವೆಗಳು ಹೊರಟವು.

"ಹಾಲು ಕುಡಿಸೋವಾಗ ಅಲ್ಲಾಡೋ ಹಾಗಿಲ್ಲ," ಎಂದು ವಿವರಿಸುತ್ತಾರೆ. "ಅಲ್ಲಾಡಿದ್ರೆ ಎಚ್ಚರ ಆಗತ್ತೆ. ಮೊದ್ಲು ಅದು ಜೈಲು ಅನ್ನಿಸ್ತಿತ್ತು. ಅದೇ ಗೋಡೆ, ಅದೇ ಗಡಿಯಾರ. ಆ ಇರುವೆ ಹೊಲಿದ ದಿನ ಮನೆಗೆ ಹೋಗಿ ಕೂತೆ ನೋಡಿ, ಇನ್ನೂ ಏನೇನಿದೆ ಅಂತ ಹುಡುಕೋಕೆ ಶುರು ಮಾಡ್ದೆ. ನೀರಿನ ಬಕೆಟ್ಟಿಂದ ಬೆಳಕು ಸೂರಿಗೆ ಬಿದ್ದು ಮೀನಿನ ಹಾಗೆ ಓಡಾಡ್ತಿತ್ತು. ಬಾಚಣಿಗೆ ನೆರಳಿತ್ತು. ಆಮೇಲೆ ಕೆಳಗೆ ನೋಡ್ದೆ. ಇವಳ ಮುಂಗೈ ಹತ್ರ ಒಂದು ಮಡಿಕೆ ಇದೆಯಲ್ಲ, ದಾರ ಕಟ್ಟಿದ ಹಾಗೆ? ಆ ಮಡಿಕೆ. ಉಗುರಿನ ಬುಡದಲ್ಲಿ ಬೆಳ್ಳಗೆ ಅರ್ಧಚಂದ್ರ. ಅವತ್ತು ಕಾಣ್ತು ನಂಗೆ. ನಾಲ್ಕೂವರೆ ತಿಂಗಳಾಗಿತ್ತು ಅವಳಿಗೆ. ನಾನು ಅವಳನ್ನ ನೋಡಿದ್ದು ಅವತ್ತೇ ಅನ್ಕೊಳ್ಳಿ."

ಮೂವತ್ತಾರು ಅಂಗಿಗೆ ಮೂವತ್ತಾರು ಗುರುತು. ಇರುವೆ, ಮೀನು, ಬಾಚಣಿಗೆ, ಎಲೆ, ಮಳೆ, ಕೀಲಿಕೈ, ಚಮಚ, ಅರ್ಧಚಂದ್ರ. ಒಂದರ ಹಾಗೆ ಇನ್ನೊಂದಿಲ್ಲ. ಬೆರಳಿನುಗುರಿಗಿಂತ ದೊಡ್ಡದೂ ಯಾವುದೂ ಇಲ್ಲ.

ಆದರೆ ಆಸ್ಪತ್ರೆಯ ನಿಯಮ ಖಡಕ್ಕಾಗಿದೆ: ಬಿಳಿ ಬಟ್ಟೆಗೆ ಬಿಳಿ ದಾರ. ಅದಕ್ಕೆ ಕಾರಣವೂ ಇದೆ. ಬಾಯ್ಲರಿನಲ್ಲಿ ಒಂದು ಎಳೆ ಬಣ್ಣ ಬಿಟ್ಟರೆ ಮುನ್ನೂರು ಬಟ್ಟೆ ಹಾಳು. ಅದನ್ನು ಬಲ್ಲ ತೇಪೆಯಕ್ಕ ಅಂಗಿಗಳನ್ನು ಮೇಲೆ ಕಳಿಸುವ ಮುಂಚೆ, ಬಳಸಿದ ಪ್ರತಿ ಬಣ್ಣದ ದಾರವನ್ನೂ ಒಂದು ಬಿಳಿ ಚಿಂದಿಗೆ ಹೊಲಿದು ಬಾಯ್ಲರ್ ಮಾವನ ಕೈಗಿಟ್ಟರು. ಮಾವ ಅದನ್ನು ಬೇರೆ ಬಕೆಟ್ಟಿನಲ್ಲಿ ಮೂರು ದಿನ, ಮೂರು ಸಲ ಕುದಿಸಿದರು.

"ನೀಲಿ ಗಟ್ಟಿಗ. ಹಳದಿ, ಹಸಿರು, ಕಂದು ಎಲ್ಲಾ ಒಳ್ಳೆ ಮನೆತನದವು. ಕೆಂಪು ಇದೆಯಲ್ಲ, ಅದು ಫಸ್ಟ್ ಸೀನಲ್ಲೇ ಕೈಕೊಡ್ತು," ಎನ್ನುತ್ತಾರೆ ಮಾವ. "ನಂಗೆ ಮೊದ್ಲಿಂದ ಅನುಮಾನ ಇತ್ತು. ಯಾವಾಗ್ಲೂ ತುಂಬಾ ಮಿಂಚೋನೇ ವಿಲನ್ನು."

ಕೆಂಪು ದಾರದಲ್ಲಿ ಹೊಲಿದಿದ್ದು ಎರಡೇ ಅಂಗಿ. ಅವನ್ನು ಬಿಚ್ಚಿ ನೀಲಿ ಹಾಕಿದ್ದಾಯಿತು. ಸ್ಟೋರ್ ಸಾರ್‌ಗೆ ಮಾತ್ರ ಯಾರೂ ಹೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಅಂಗಿಗಳು ಮೇಲೆ ಹೋದವು. ದೊಡ್ಡ ಸಿಸ್ಟರ್ ಮೊದಲ ದಿನವೇ ಗಮನಿಸಿದರು. ಮೂರನೇ ದಿನ ಕೆಳಗೆ ಬಂದು ಬಾಗಿಲಲ್ಲೇ ನಿಂತು, "ಕೈ ಬರ್ತಾ ಇದೆ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ಆ ವಾರ್ಡಿನ ಕೊನೆಯಲ್ಲಿ ಬೆಚ್ಚನೆಯ ಕೋಣೆಯೊಂದಿದೆ. ತಿಂಗಳು ತುಂಬುವ ಮುಂಚೆ ಹುಟ್ಟಿದವರು, ತೂಕ ಕಡಿಮೆಯಿದ್ದವರು ಅಲ್ಲಿರುತ್ತಾರೆ. ತಾಯಂದಿರು ಗಾಜಿನ ಆಚೆ ನಿಂತು ನೋಡಬೇಕು. ಸಾಲಾಗಿ ಹತ್ತು ಹನ್ನೆರಡು ಮಕ್ಕಳು, ಎಲ್ಲ ಒಂದೇ ಅಳತೆ, ಎಲ್ಲ ಬಿಳಿ ಅಂಗಿ, ಎಲ್ಲ ಕಣ್ಣು ಮುಚ್ಚಿದವರು. ಆಪರೇಷನ್ ಆಗಿ ಮೂರನೇ ಮಹಡಿಯಲ್ಲಿ ಮಲಗಿದ ತಾಯಂದಿರಿಗೆ ಆ ಗಾಜಿನ ತನಕ ಬರುವುದೂ ಆಗುವುದಿಲ್ಲ. ಅಲ್ಲಿಗೆ ಹೋಗಿ ಸುದ್ದಿ ಹೇಳುವುದು ಸಿಸ್ಟರುಗಳ ಕೆಲಸ. ತೂಕ ಇಪ್ಪತ್ತು ಗ್ರಾಂ ಏರಿದೆ, ಹತ್ತು ಗ್ರಾಂ ಇಳಿದಿದೆ. ಇಷ್ಟೇ ಸುದ್ದಿ.

"ಒಂದು ದಿನ ಒಬ್ಬ ತಾಯಿಗೆ ಹೇಳೋಕೆ ಏನೂ ಇರ್ಲಿಲ್ಲ," ಎಂದು ನೆನೆಯುತ್ತಾರೆ ದೊಡ್ಡ ಸಿಸ್ಟರ್. "ತೂಕ ಏರಿಲ್ಲ, ಇಳಿದಿಲ್ಲ. ಅವಳು ನನ್ನ ಮುಖಾನೇ ನೋಡ್ತಿದಾಳೆ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಇವತ್ತು ಮೀನು ಅಂಗಿ ಹಾಕಿದೀವಮ್ಮಾ ಅಂತ. ಮೀನಾ? ಅಂದ್ಲು. ನಕ್ಲು. ಆರು ದಿನದಲ್ಲಿ ಮೊದಲ್ನೇ ಸಲ. ಮಾರನೇ ದಿನ ನಾನು ಬಾಗ್ಲಲ್ಲಿ ಕಾಣೋ ಹೊತ್ತಿಗೇ ಕೇಳಿದ್ಲು, ಸಿಸ್ಟರ್, ಇವತ್ತು ಏನು?"

ಈಗ ಅಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದೇ. ತೂಕ ಎಷ್ಟು ಅನ್ನುವುದು ಎರಡನೆಯದು. ಇವತ್ತು ಏನು? ಇವತ್ತು ಕೀಲಿಕೈ. ಇವತ್ತು ಮಳೆ. ಇವತ್ತು ಚಮಚ. ಗಾಜಿನ ಆಚೆ ನಿಂತ ತಾಯಂದಿರು ಎಲೆ ಎಲ್ಲಿದೆ ಎಂದು ಹುಡುಕುತ್ತಾರೆ, ಸಿಕ್ಕಾಗ ಬೆರಳು ತೋರಿಸುತ್ತಾರೆ. ಒಬ್ಬ ಅಪ್ಪ ತನ್ನ ಮಗನಿಗೆ ಬಾಚಣಿಗೆ ಬಂದ ದಿನ, "ತಲೇಲಿ ನಾಲ್ಕು ಕೂದ್ಲಿಲ್ಲ, ಇವನಿಗ್ಯಾಕೆ ಬಾಚಣಿಗೆ," ಎಂದು ಕಾರಿಡಾರೆಲ್ಲಾ ನಗಿಸಿದರಂತೆ.

ಎರಡು ತಿಂಗಳ ಹಿಂದೆ ಹನ್ನೊಂದು ದಿನದ ಮಗುವೊಂದು ಆ ಕೋಣೆಯಲ್ಲಿ ತೀರಿಕೊಂಡಿತು. ಬೆಳಿಗ್ಗೆ ಅದಕ್ಕೆ ಹಾಕಿದ್ದು ಅರ್ಧಚಂದ್ರದ ಅಂಗಿ. ತಾಯಿ ಕೇಳಿದ್ದು ಒಂದೇ. ಆ ಅಂಗಿ ತೆಗೆಯಬೇಡಿ, ಹಾಗೇ ಕೊಡಿ. ಆಸ್ಪತ್ರೆಯ ಬಟ್ಟೆ ಹೊರಗೆ ಹೋಗುವ ಹಾಗಿಲ್ಲ. ದೊಡ್ಡ ಸಿಸ್ಟರ್ ಯಾರನ್ನೂ ಕೇಳದೆ ಹಾಗೇ ಕೊಟ್ಟರು. ಆಮೇಲೆ ಏಳು ಮೆಟ್ಟಿಲು ಇಳಿದು ಬಂದರು.

"ಚಂದ್ರ ಇನ್ನು ಬರಲ್ಲ ಕಣಮ್ಮಾ."

ತೇಪೆಯಕ್ಕ ಯಂತ್ರ ನಿಲ್ಲಿಸಿದರು. ಹೊತ್ತು ಹತ್ತಾಗಿತ್ತು. ಕೊಡೆ ಮಡಚುತ್ತಾ ಅತ್ತೆ ಒಳಗೆ ಬಂದರು. ತೇಪೆಯಕ್ಕ ಮಗಳನ್ನು ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತರು. ಅವತ್ತು ಬಟನ್ ಹೊಟ್ಟೆ ತುಂಬಿ ನಿದ್ದೆಹೋದ ಮೇಲೂ ಅವರು ಕೆಳಗಿಳಿಸಲಿಲ್ಲ ಎನ್ನುತ್ತಾರೆ ಅತ್ತೆ. "ನಾನೂ ಕೇಳ್ಲಿಲ್ಲ. ಹೊಗೆ ಇರ್ಬೇಕು ಅನ್ಕೊಂಡೆ."

ಕಳೆದ ತಿಂಗಳು ವರ್ಷದ ಬಟ್ಟೆ ಎಣಿಕೆ ಬಂತು. ಸ್ಟೋರ್ ಸಾರ್ ಪ್ರತಿ ವಾರ್ಡಿನ ಬಟ್ಟೆಯನ್ನು ಹೊಲಿಗೆ ಕೋಣೆಗೆ ತರಿಸಿ ಒಂದೊಂದಾಗಿ ಎಣಿಸುತ್ತಾರೆ. ಹೊಸಮಕ್ಕಳ ಅಂಗಿಯ ಕಟ್ಟು ಬಿಚ್ಚಿದಾಗ ಮೇಲಿದ್ದುದೇ ಮೀನು. ಅವರು ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು. ಮುಂದಿನದು ಇರುವೆ. ಅದರ ಮುಂದಿನದು ಮಳೆ. ಕೋಣೆಯಲ್ಲಿ ತೇಪೆಯಕ್ಕ, ದೊಡ್ಡ ಸಿಸ್ಟರ್, ಬಾಯ್ಲರ್ ಮಾವ ಮೂವರೂ ನಿಂತಿದ್ದರು. ಅಂದಿನ ಮಾತನ್ನು ಮೂವರೂ ಒಂದೇ ಥರ ಹೇಳುತ್ತಾರೆ.

"ಇದು ಬಣ್ಣದ ದಾರ."

"ಹೌದು ಸಾರ್," ಅಂದರು ತೇಪೆಯಕ್ಕ.

"ಬಾಯ್ಲರಲ್ಲಿ ಬಿಟ್ಟಿಲ್ವಾ?"

"ಐದು ತಿಂಗಳಿಂದ ನಾನೇ ಕುದಿಸ್ತಿದೀನಿ ಸಾರ್," ಎಂದು ಮಾವ ಮುಂದೆ ಬಂದರು. "ಬಿಟ್ಟಿದ್ರೆ ಡಾಕ್ಟರ್ ಕೋಟು ಇಷ್ಟೊತ್ತಿಗೆ ಹೋಳಿ ಆಡಿ ಬಂದ ಹಾಗಿರ್ತಿತ್ತು."

ಸಾರ್ ನಗಲಿಲ್ಲ. ಎಣಿಸಿದರು. ಮತ್ತೆ ಎಣಿಸಿದರು. ದನಿ ಇಳಿಯಿತು. "ಮೂವತ್ತೈದು. ಒಂದು ಎಲ್ಲಿ?"

ಆಸ್ಪತ್ರೆಯ ಬಟ್ಟೆಯನ್ನು ಹೊರಗೆ ಕೊಟ್ಟಿದ್ದು ಸಿಸ್ಟರ್ ತಪ್ಪು. ಇನ್ನೊಂದು ತಪ್ಪಾದರೆ ಯಂತ್ರ ಹೋಗುವುದು ತೇಪೆಯಕ್ಕನದು. ಬಾಯಿ ತೆರೆದವರು ತೇಪೆಯಕ್ಕ.

"ನನ್ನ ಕೈತಪ್ಪು ಸಾರ್. ತೋಳು ಹರಿದು ಹೋಯ್ತು. ಬಿಸಾಕ್ಬಿಟ್ಟೆ."

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದರೆ ಅವರು ಹೇಳುವುದು ಇಷ್ಟು. "ಆ ತಾಯಿ ಹತ್ರ ಹೋಗಿ ಯಾರಾದ್ರೂ ಅಂಗಿ ವಾಪಸ್ ಕೇಳ್ಬಿಟ್ರೆ ಅಂತ. ಕೇಳ್ತಿರ್ಲಿಲ್ಲ ಬಿಡಿ. ಆದ್ರೂ ಕೇಳ್ಬಿಟ್ರೆ?"

ಸ್ಟೋರ್ ಸಾರ್ ಪೆನ್ನು ತೆಗೆದರು. ಬರೆಯುವ ಮುಂಚೆ ದೊಡ್ಡ ಸಿಸ್ಟರ್ ಮೇಜಿನ ಹತ್ತಿರ ಬಂದು ಪುಸ್ತಕದ ಮೇಲೆ ಅಂಗೈ ಇಟ್ಟರು.

"ಹರಿದಿಲ್ಲ. ನಾನೇ ಕೊಟ್ಟೆ." ಯಾರಿಗೆ, ಯಾವಾಗ, ಯಾಕೆ ಎಂದು ನಾಲ್ಕು ಮಾತಲ್ಲಿ ಹೇಳಿದರು. "ಬರೀರಿ. ನನ್ನ ಹೆಸರಿಗೆ ಬರೀರಿ."

ಸಾರ್ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ಆ ಪುಸ್ತಕದಲ್ಲಿ ಇಲ್ಲದ ಬಟ್ಟೆಗೆ ಕಾರಣ ಬರೆಯುವ ಜಾಗವೊಂದಿದೆ. ಸಾಮಾನ್ಯವಾಗಿ ಅಲ್ಲಿ ಬೀಳುವುದು ಮೂರೇ ಮಾತು: ಹರಿದಿದೆ, ಸವೆದಿದೆ, ಕಳೆದಿದೆ. ಅವರು ಒಂದು ಪೆನ್ನು ಜೇಬಿಗೆ ಹಾಕಿ ಇನ್ನೊಂದು ತೆಗೆದರು. ಬರೆದರು. ಪುಸ್ತಕ ಮುಚ್ಚಿ ಮೇಜಿನ ಮೇಲೇ ಬಿಟ್ಟು ಎದ್ದರು.

ಬಾಗಿಲ ಹತ್ತಿರ ಹೋಗಿ ತಿರುಗಿ ನೋಡದೆಯೇ ಹೇಳಿದರು. "ಇನ್ಮೇಲೆ ಯಾವ ಬಣ್ಣ ಹಾಕೋದಾದ್ರೂ ಮೊದ್ಲು ಕುದಿಸಿ ನೋಡ್ಬೇಕು. ಕೆಂಪು ಬೇಡ. ಕೆಂಪು ನಂಬೋಕಾಗಲ್ಲ."

"ಅದನ್ನೇ ನಾನೂ ಹೇಳಿದ್ದು ಸಾರ್!" ಅಂದರು ಮಾವ. ಅಷ್ಟು ಹೊತ್ತಿಗೆ ಅವರು ಮೆಟ್ಟಿಲು ಹತ್ತಿಯಾಗಿತ್ತು.

ಮೂವರೂ ಪುಸ್ತಕ ತೆರೆದು ನೋಡಿದರು. ಹೊಸಮಕ್ಕಳ ಅಂಗಿ, ಮೂವತ್ತಾರು. ವಾರ್ಡಿನಲ್ಲಿ ಮೂವತ್ತೈದು. ಉಳಿದ ಒಂದರ ಮುಂದೆ ಸ್ಟೋರ್ ಸಾರ್ ಅವರ ಮಣಿಯಂಥ ಅಕ್ಷರದಲ್ಲಿ ಒಂದೇ ಪದ. 'ಬಳಕೆಯಲ್ಲಿದೆ.'

ಆ ಮೇಲೆ ತೇಪೆಯಕ್ಕ ಇನ್ನೂ ಹದಿನಾಲ್ಕು ಅಂಗಿ ಹೊಲಿದಿದ್ದಾರೆ. ಛತ್ರಿ ಇದೆ, ಟೀ ಲೋಟ ಇದೆ, ಕಿಟಕಿಯಲ್ಲಿ ಕಾಣುವ ಚಪ್ಪಲಿಗಳಿವೆ. ಚಂದ್ರನ ಗುರುತನ್ನು ಮತ್ತೆ ಹೊಲಿದಿಲ್ಲ. "ಅದು ಇದೆಯಲ್ಲ ಈಗಾಗ್ಲೇ," ಎನ್ನುತ್ತಾರೆ.

ಹತ್ತು ಗಂಟೆ. ಹಿಂದಿನ ಗೇಟಿನ ಸದ್ದು. ಅತ್ತೆ ಬರುತ್ತಾರೆ. ಬಟನ್ ಕೊಡೆಯ ಕೆಳಗಿಂದಲೇ ಅಮ್ಮನನ್ನು ಕಂಡು ಕೈ ಚಾಚುತ್ತಾಳೆ. ಮೇಜಿನ ಅಂಚಿಗೆ ಇಳಿಬಿಟ್ಟ ಶೀಟಿನ ಹಿಂದೆ ದೀಪ ಉರಿಯುತ್ತಿದೆ. ಅದರ ತೂತಿನಿಂದ ಒಂದು ಚುಕ್ಕಿ ಬೆಳಕು ಗೋಡೆಗೆ ಬಿದ್ದಿದೆ. ಮಗು ಆ ಚುಕ್ಕಿಯನ್ನು ಚಿವುಟಿ ತೆಗೆಯಲು ನೋಡುತ್ತದೆ. ಬರುವುದಿಲ್ಲ. ಮತ್ತೆ ನೋಡುತ್ತದೆ. ಅಮ್ಮನ ಕೈಯಲ್ಲಿ ಸೂಜಿಯಿದೆ, ಆ ತೂತು ಮುಚ್ಚಬೇಕು. ಆದರೆ ಮಗು ಹುಡುಕಿ ಮುಗಿಸುವ ತನಕ ಅವರು ಕಾಯುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ತೇಪೆಯಕ್ಕ ಮೇಲಿನ ಕಿಟಕಿ ತೋರಿಸುತ್ತಾರೆ. "ಆ ಗಾಜನ್ನ ಹೊರಗಡೆಯಿಂದ ಯಾರೂ ಒರೆಸಿಲ್ಲ. ಒಂಬತ್ತು ವರ್ಷ ಆಯ್ತು. ಒಂದು ಸಲ ಒರೆಸಿಕೊಟ್ರೆ ಸಾಕು. ಇನ್ನೂ ಸಣ್ಣ ತೂತೂ ಕಾಣತ್ತೆ."

ಬೇರೆ ಏನೂ ಬೇಡವೇ? ಅವರು ಬುಟ್ಟಿಯಿಂದ ಅಂಗೈಯಗಲದ ಅಂಗಿಯೊಂದನ್ನು ಎತ್ತಿ, ಒಂದು ತೋಳಿನೊಳಗೆ ತಮ್ಮ ಕಿರುಬೆರಳು ತೂರಿಸಿ, ಆಚೆ ಬಂತೇ ಎಂದು ನೋಡುತ್ತಾರೆ. ಇನ್ನೊಂದು ತೋಳಿಗೂ ತೂರಿಸಿ ನೋಡುತ್ತಾರೆ. ಆ ಮುಚ್ಚಿದ ತೋಳಿನ ಅಂಗಿಗಳ ನಂತರ ಇದನ್ನು ಒಂದು ದಿನವೂ ಬಿಟ್ಟಿಲ್ಲ.

"ನಾಳೆ ಮೇಲೆ ಯಾರೋ ಹುಟ್ತಾರೆ. ಯಾರು ಏನು, ನಂಗೊತ್ತಿಲ್ಲ. ಅವ್ರಿಗೆ ಅಂಗಿ ಇವತ್ತೇ ಆಗಿರ್ಬೇಕು," ಎನ್ನುತ್ತಾ ಅಂಗಿಯನ್ನು ಮಡಚಿಡುತ್ತಾರೆ. "ಕೂಸಿಗಿಂತ ಮುಂಚೆ ಕುಲಾವಿ ಅಂತ ಜನ ನಗ್ಲಿ ಬಿಡಿ. ಬಂದೋರು ಬರಿಮೈಯಲ್ಲಿ ಕಾಯ್ಬಾರ್ದು, ಅಷ್ಟೇ."